ಎಡಗಡೆ ಸೀಟು

ಮಲ್ಲತ್ತಹಳ್ಳಿ
೧೪-೩-೨೦೦೬

ರುದ್ರೇಶ್ ಅವರಿಗೆ,

ಹೋದ ತಿಂಗಳು ನಮ್ಮ ಹಸಿರು ಕಾರು ಕೊಂಡ್ಕೊಂಡು ಹೋದ್ರಲ್ಲ, ಆ ಮನೆಯ ಪುಟ್ಟತಾಯಮ್ಮ ಬರೀತಿರೋದು. ಬರೋ ಭಾನುವಾರ ಅದರಲ್ಲಿ ರಿಂಗ್ ರೋಡ್ ಮೇಲೆ ಕೆಂಗೇರಿಗೆ ಹೋಗ್ತೀನಿ ಅಂತ ಫೋನ್ ಮಾಡಿದ್ರಿ. ಆಗ ಹುಷಾರು ಅಂತಷ್ಟೇ ಹೇಳಿ ಫೋನ್ ಇಟ್ಟೆ.

ಮೊದಲು ಇಂಡಿಕೇಟರ್ ಹಾಕಿಸಿ. ಸೀಟ್ ಬೆಲ್ಟೂ ಹಾಕಿಸಿ. ಹಳೇ ಕಾರಿನ ಒರಿಜಿನಲ್ ರೂಪ ಕೆಟ್ಟುಹೋಗುತ್ತೆ ಅಂದ್ರಿ. ಕೆಡಲಿ ಬಿಡಿ! ಅದು ಐವತ್ತಾರನೇ ಇಸವಿ ಕಾರು. ಆಗ ಹಿಂದೆ ಎತ್ತಿನಗಾಡಿ ಬರ್ತಿದ್ವು, ಈಗ ಟಿಪ್ಪರ್ ಲಾರಿ ಬರ್ತವೆ.

ಬಲಕ್ಕೆ ತಿರುಗುವಾಗ ನಮ್ಮನೆಯವರೇ ಕೈ ತೋರಿಸೋರು. ಎಡಕ್ಕಾದ್ರೆ "ಕೈ ತೋರ್ಸೇ" ಅನ್ನೋರು, ನಾನು ತೋರಿಸ್ತಿದ್ದೆ. ಮೂವತ್ತೊಂದು ವರ್ಷ ಹಂಗೇ ನಡೀತು. ಕೈ ತುಂಬ ಬಳೆ ಹಾಕ್ಕೋ, ಹಿಂದಿನೋರಿಗೆ ಚೆನ್ನಾಗಿ ಕಾಣ್ಲಿ ಅಂತ ನಗೋರು.

ಹಿಂದೆ ಎಡಗಡೆ ನೆಗ್ಗಿರೋದು ಹೆಂಗೆ ಅಂತ ನೀವು ಕೇಳಿದಾಗ, ಕಾಫಿ ತರ್ತೀನಿ ಅಂತ ಒಳಗೆ ಹೋಗಿಬಿಟ್ಟೆ. ಅದು ನೆಗ್ಗಿದ ದಿನ ನಾನು ತಂಗಿ ಮನೇಲಿದ್ದೆ. ನನ್ನನ್ನ ಕರ್ಕೊಂಡು ಬರೋಕೆ ಅವರೊಬ್ಬರೇ ಹೊರಟಿದ್ರು. ಎಡಕ್ಕೆ ತಿರುಗ್ತಾರೆ ಅಂತ ಹಿಂದಿನ ಲಾರಿಯವನಿಗೆ ಗೊತ್ತಾಗಲಿಲ್ಲ. ಕಾರು ಮಾತ್ರ ಮನೆಗೆ ಬಂತು.

ಈಗ ಬಸ್ಸಲ್ಲಿ ಓಡಾಡ್ತೀನಿ. ಬಸ್ಸು ಎಡಕ್ಕೆ ತಿರುಗಿದ್ರೆ ಸಾಕು, ಕೈ ತಾನಾಗೇ ಕಿಟಕಿಯಿಂದ ಆಚೆ ಹೋಗುತ್ತೆ. "ಅಜ್ಜೀ, ಕೈ ಒಳಗೆ ತಗೊಳ್ಳಿ" ಅಂತ ಕಂಡಕ್ಟರ್ ಬೈತಾರೆ.

ಇಂಡಿಕೇಟರ್ ಹಾಕಿಸಿದ ಮೇಲೆ ಒಂದ್ಸಲ ಕಾರು ಈ ಕಡೆ ತನ್ನಿ. ಎಡಗಡೆ ಸೀಟಲ್ಲಿ ಕೂತು ಕೆರೆ ತನಕ ಬರ್ತೀನಿ. ಕೈ ಮಡಿಲಲ್ಲೇ ಇಟ್ಕೊಂಡಿರ್ತೀನಿ.

ಇಂತಿ,
ಪುಟ್ಟತಾಯಮ್ಮ