ಇಬ್ಬರು ತಂದೆಯರ ಆದಾಯ, ಒಬ್ಬಳ ಫೀಸು

ವಿದ್ಯಾರ್ಥಿವೇತನವನ್ನು ಮಂಜೂರು ಮಾಡುವ, ಹಾಗೂ ಅದಕ್ಕಿಂತ ಹೆಚ್ಚು ಶ್ರದ್ಧೆಯಿಂದ ತಿರಸ್ಕರಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳು ಕಲ್ಪನಾಗೆ ಇಬ್ಬರು ತಂದೆಯರಿದ್ದಾರೆಂದು ಪರಿಗಣಿಸಿ, ಇಬ್ಬರ ವಾರ್ಷಿಕ ಆದಾಯವನ್ನೂ ಕೂಡಿಸಿ, ಮೊತ್ತವು ಎರಡೂವರೆ ಲಕ್ಷದ ಮಿತಿಯನ್ನು ಮೀರಿದ್ದರಿಂದ ಆಕೆ ಸಹಾಯಕ್ಕೆ ಅರ್ಹಳಲ್ಲವೆಂದು ತಾವು ತೀರ್ಮಾನಿಸಿದ್ದೀರಿ. ನಮ್ಮ ಮನೆಯವರನ್ನು ಯಾರಾದರೂ ಅನುಕೂಲಸ್ಥರೆಂದು ಕರೆದದ್ದು ಇದೇ ಮೊದಲು. ಅದಕ್ಕಾಗಿ ಕೃತಜ್ಞತೆ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಇಬ್ಬರು ತಂದೆಯರಲ್ಲಿ ಒಬ್ಬರು ಹನ್ನೊಂದು ವರ್ಷಗಳಿಂದ ಮಗಳ ಮುಖ ನೋಡಿಲ್ಲ. ಇನ್ನೊಬ್ಬನು ನಾನು. ನನ್ನನ್ನು ನಿಮ್ಮ ಕಚೇರಿ ತಂದೆಯೆಂದು ಒಪ್ಪುವುದಿಲ್ಲ.

ನನ್ನ ವೃತ್ತಿಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ಸುರಪುರದಲ್ಲಿ ಜನರ ಅರ್ಜಿ ತುಂಬಿಕೊಡುವುದೇ ನನ್ನ ಕಸುಬು. ಒಂದು ಕಂಪ್ಯೂಟರು, ಎರಡು ಪ್ರಿಂಟರು, ತಗಡಿನ ಮಾಡು. ಹದಿನಾರು ವರ್ಷಗಳಿಂದ ಊರಿನವರು ನನ್ನನ್ನು ‘ಫಾರಂ ಮಾಸ್ತರ’ ಎನ್ನುತ್ತಾರೆ. ಸತ್ತನೆಂದು ದಾಖಲಾಗಿದ್ದವನೊಬ್ಬನನ್ನು ನಾಲ್ಕೇ ಅರ್ಜಿಗಳಲ್ಲಿ ಬದುಕಿಸಿ ಪಿಂಚಣಿ ಕೊಡಿಸಿದವನು ನಾನು. ಆ ಸಾಧನೆಯನ್ನು ಚಹಾ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದ ಕೂಡಲೇ ಜನ ಎದ್ದು ಹೋಗುತ್ತಾರೆ. ಅಂಥವನ ಮನೆಯ ಅರ್ಜಿಯೇ ಎರಡು ಸಲ ತಿರಸ್ಕೃತವಾಗಿದೆ. ಈಗ ಚಹಾ ಅಂಗಡಿಗೆ ನಾನೇ ಹೋಗುವುದಿಲ್ಲ.

ಸಂಸಾರವೂ ನನಗೆ ನನ್ನ ಅರ್ಜಿ ಅಂಗಡಿಯಲ್ಲೇ ದಕ್ಕಿತು. ಶಾಂತಾದೇವಿ ತನ್ನ ವಿಚ್ಛೇದನದ ತೀರ್ಪನ್ನು ಝೆರಾಕ್ಸ್ ಮಾಡಿಸಲು ಬಂದಿದ್ದಳು. ಜೊತೆಗೆ ಏಳು ವರ್ಷದ ಕಲ್ಪನಾ. ಎರಡು ಪ್ರತಿ ಕೇಳಿದರೆ ನಾನು ಮೂರು ಕೊಟ್ಟೆ. ನನ್ನ ಮಟ್ಟಿಗೆ ಅದೇ ಪ್ರೇಮಪತ್ರ. ಎರಡು ವರ್ಷದ ಬಳಿಕ ನಾವು ಮದುವೆಯಾದೆವು. ಈ ವರ್ಷ ಕಲ್ಪನಾಗೆ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ವಿದ್ಯಾರ್ಥಿವೇತನದ ಮೊದಲ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ನನ್ನ ಹೆಸರನ್ನೇ ಬರೆದೆ. ಅದು ಅಜ್ಞಾನವಲ್ಲ, ಆಸೆ. ಅರ್ಜಿ ಮರಳಿ ಬಂತು. ನಿಮ್ಮ ಕಚೇರಿಯ ಗುಮಾಸ್ತೆ ಸುನಿತಾ ಎಂಬವರು ಸಮಾಧಾನದಿಂದಲೇ ಕೇಳಿದರು: “ಮಾರ್ಕ್ಸ್ ಕಾರ್ಡಿನ್ಯಾಗ ತಂದಿ ದುರಗಪ್ಪ ಅಂತ ಅದರಿ. ನೀವು ಯಾರು?”

“ಅಕಿ ನಮ್ಮನ್ಯಾಗ ಬೆಳದಾಳ್ರಿ,” ಎಂದೆ.

“ಅದಕ್ಕ ಕಾಲಂ ಇಲ್ರಿ. ದುರಗಪ್ಪ ಅವರ ಆದಾಯ ಪ್ರಮಾಣಪತ್ರ ತರ್ರಿ, ಸಹಿ ತರ್ರಿ.”

ಹೀಗಾಗಿ ನನ್ನ ಹೆಂಡತಿಯ ಮೊದಲ ಗಂಡನನ್ನು ಹುಡುಕಿಕೊಂಡು ತಿಂಥಣಿಗೆ ಹೊರಟೆ. ಇಸ್ತ್ರಿಯ ಅಂಗಿ ತೊಟ್ಟಿದ್ದೆ, ಯಾಕೆಂದು ಕೇಳಬೇಡಿ. ದುರಗಪ್ಪ ಟೆಂಪೊ ತೊಳೆಯುತ್ತಿದ್ದ. ದಪ್ಪ ಗಾಜಿನ ಕನ್ನಡಕ, ಸುತ್ತ ಮೂರು ಸಣ್ಣ ಮಕ್ಕಳು. ಜಗಳಕ್ಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನು ಕುರ್ಚಿ ತಂದು ಹಾಕಿಬಿಟ್ಟ.

“ಸಹಿ ಮಾಡಿದ್ರ ನಾಳಿ ಫೀಸೂ ನಾನ ಕಟ್ಟಬೇಕಾಗ್ತದೇನ್ರಿ?” ಎಂದು ಕೇಳಿದ.

“ಇಲ್ಲ. ಬೇಕಾದ್ರ ಬರದು ಕೊಡ್ತೀನಿ.”

ಬರೆದೂ ಕೊಟ್ಟೆ. ಸ್ಟ್ಯಾಂಪ್ ಪೇಪರು ಚೀಲದಲ್ಲೇ ಇತ್ತು, ಕಸುಬಿನ ಚಟ. ಅವನು ಪೆನ್ನು ಹಿಡಿದು ಕನ್ನಡಕ ಸರಿಮಾಡಿಕೊಂಡ.

“ಕಣ್ಣಿಗಿ ಚಶ್ಮಾ ಬಂದದೇನು ಅಕಿಗಿ?”

“ಎಂಟನೇ ಕ್ಲಾಸಿನ್ಯಾಗ ಬಂತು.”

“ನಮ್ಮ ಕಡಿಂದನ ಬಂದಿರಬೇಕು,” ಎಂದು ಸಹಿ ಹಾಕಿದ. ಮರಳುವಾಗ ಬಸ್ಸಿನಲ್ಲಿ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಿಸಿದೆ. ಸಾಧ್ಯವಾಗಲಿಲ್ಲ. ಇದೂ ನನ್ನ ವೈಫಲ್ಯಗಳ ಪಟ್ಟಿಗೆ ಸೇರಲಿ.

ಎಲ್ಲ ಕಾಗದ ಒಪ್ಪಿಸಿದ ಹದಿನೈದು ದಿನಕ್ಕೆ ಎರಡನೆಯ ತಿರಸ್ಕಾರ ಬಂತು. ದುರಗಪ್ಪನದು ಒಂದು ಲಕ್ಷ ಅರವತ್ತು ಸಾವಿರ, ನನ್ನದು ಒಂದು ಲಕ್ಷ ನಲವತ್ತು. ಎರಡನ್ನೂ ಕೂಡಿಸಿದ್ದಿರಿ.

“ನಂದ್ಯಾಕ ಹಿಡದ್ರಿ?” ಎಂದು ಸುನಿತಾ ಅವರನ್ನು ಕೇಳಿದೆ.

“ರೇಷನ್ ಕಾರ್ಡಿನ್ಯಾಗ ಅಕಿ ನಿಮ್ಮನ್ಯಾಗ ಇದ್ದಾಳಲ್ರಿ.”

“ಹಂಗಾದ್ರ ನಾ ತಂದಿ ಹೌದಲ್ಲ?”

“ಆದಾಯಕ್ಕ ಹೌದ್ರಿ. ಸಹಿಗಿ ಅಲ್ಲ.” ಆಮೇಲೆ ದನಿ ತಗ್ಗಿಸಿ, “ನೀವು ಬ್ಯಾರೆ ರೇಷನ್ ಕಾರ್ಡ್ ಮಾಡಿಸಿದ್ರ ನಿಮ್ಮ ಆದಾಯ ಬಿಟ್ಟು ಹೋಗ್ತದರಿ. ಬ್ಯಾರೆ ಮನ್ಯಾಗ ಇದ್ದೀನಂತ ಬರದು ಕೊಡಬೇಕು, ಅಷ್ಟ,” ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಮ್ಮ ನಿಯಮದಲ್ಲಿ ಇದ್ದ ಒಂದೇ ಸಂದು ಅದು.

ಮಾನ್ಯರೇ, ಒಂದು ಮನೆ ಒಡೆದರೆ ಸಹಾಯ, ಕೂಡಿದರೆ ದಂಡ ಎಂಬ ನಿಯಮವನ್ನು ಯಾರು ಬರೆದರು? ಬರೆಯುವಾಗ ಅವರ ಮನೆಯವರು ಊರಲ್ಲಿದ್ದರೇ?

ಆದರೆ ನಿಮ್ಮನ್ನಷ್ಟೇ ದೂರುವ ಯೋಗ್ಯತೆ ನನಗಿಲ್ಲ. ನಾನು ಅಂಗಡಿಗೆ ಹೋಗಿ ಆ ಫಾರಂ ತೆಗೆದು ಸುಂದರವಾಗಿ ತುಂಬಿದೆ. ‘ಕುಟುಂಬದಿಂದ ಪ್ರತ್ಯೇಕವಾಗಿ ವಾಸವಾಗಿರುತ್ತೇನೆ’ ಎಂದು ಬರೆದು ಸಹಿಯನ್ನೂ ಹಾಕಿದೆ. ಒಂದು ಅಕ್ಷರದ ತಪ್ಪಿರಲಿಲ್ಲ. ಜಾಣತನಕ್ಕೆ ನನ್ನನ್ನೇ ಮೆಚ್ಚಿಕೊಂಡು ಮನೆಗೆ ಬಂದೆ. ಯಾರಿಗೂ ಹೇಳದೆ ಚೀಲ ಗೂಟಕ್ಕೆ ಹಾಕಿ ಸ್ನಾನಕ್ಕೆ ಹೋದೆ.

ಹೊರಬಂದಾಗ ಕಲ್ಪನಾ ಆ ಕಾಗದ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಪೆನ್ನು ಹುಡುಕಲು ಚೀಲಕ್ಕೆ ಕೈ ಹಾಕಿದ್ದಳಂತೆ.

“ನಾ ಕಾಲೇಜಿಗಿ ಹೋಗಂಗಿಲ್ಲ,” ಎಂದಳು. “ನೀವು ಇಲ್ಲೇ ಇರ್ರಿ.”

ನಾನು ನಕ್ಕೆ. ಅದು ಬರೀ ಕಾಗದ, ಸ್ಕಾಲರ್‌ಶಿಪ್ಪಿಗಾಗಿ ಮಾಡಿದ್ದು ಎಂದೆ.

“ಅವ್ವನ್ನ ಬಿಡೂ ಮುಂದ ಅವರೂ ಮೊದಲ ಬರೀ ಕಾಗದ ಅಂತಿದ್ರು,” ಎಂದಳು ಅವಳು.

ಶಾಂತಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. “ಊರ ಮಂದಿ ಫಾರಂ ತುಂಬತೀರಿ. ಮನ್ಯಾಗ ಯಾರಿದ್ದಾರ ಅಂತ ನಿಮಗ ಗೊತ್ತಿಲ್ಲೇನು?”

ಏಳು ವರ್ಷದವಳು ತಾಯಿಯ ಕೈಹಿಡಿದು ನನ್ನ ಅಂಗಡಿಯ ಮುಂದೆ ನಿಂತಾಗ ಆ ತೀರ್ಪಿನ ಕಾಗದದಲ್ಲಿ ಏನಿದೆ ಎಂದು ಅವಳಿಗೆ ತಿಳಿದಿಲ್ಲವೆಂದೇ ಇಷ್ಟು ವರ್ಷ ಭಾವಿಸಿದ್ದೆ. ಅವಳಿಗೆ ಎಲ್ಲವೂ ತಿಳಿದಿತ್ತು. ಫಾರಂ ಹರಿದು ಒಲೆಗೆ ಹಾಕಿದೆ. ಮರುವಾರ ಬಣ್ಣದ ಪ್ರಿಂಟರನ್ನು ಶಹಾಪುರದ ಮುಜಫರ ಎಂಬವರಿಗೆ ಮಾರಿದೆ. ಅದರಿಂದ ಮೊದಲ ವರ್ಷದ ಫೀಸು ಕಟ್ಟಿದೆವು. ಅವಳೀಗ ಹಾಸ್ಟೆಲಿನಲ್ಲಿದ್ದಾಳೆ. ಮುಂದಿನ ವರ್ಷಕ್ಕೆ ಮಾರಲು ಕಪ್ಪು-ಬಿಳುಪಿನದೊಂದು ಉಳಿದಿದೆ, ಅದನ್ನು ಯಾರೂ ಕೊಳ್ಳಲಾರರು.

ಹಾಸ್ಟೆಲಿಗೆ ಸೇರಿಸುವ ದಿನ ಅವಳೇ ಒಂದು ಅರ್ಜಿ ತುಂಬಿದಳು, ನನ್ನನ್ನು ಮುಟ್ಟಗೊಡಲಿಲ್ಲ. ‘ಜ್ವರ ಬಂದರೆ, ಅಪಘಾತವಾದರೆ ಯಾರನ್ನು ಕರೆಯಬೇಕು’ ಎಂಬಲ್ಲಿ ಕೇಳದೆಯೇ ನನ್ನ ನಂಬರು ಬರೆದಳು. ಅದಕ್ಕೆ ಯಾರೂ ದಾಖಲೆ ಕೇಳಲಿಲ್ಲ. ಹದಿನಾರು ವರ್ಷಗಳಲ್ಲಿ ಅಂಥ ಕಾಲಂ ನಾನು ಕಂಡಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕಲ್ಪನಾಳ ಅರ್ಜಿಯನ್ನು ಮತ್ತೆ ತೆರೆಯಿರಿ. ವಿದ್ಯಾರ್ಥಿ ಯಾರ ಮನೆಯಲ್ಲಿ ಉಣ್ಣುತ್ತಾಳೋ ಅವರ ಆದಾಯವನ್ನು ಮಾತ್ರ ಎಣಿಸಿ, ಅವರ ಸಹಿಯನ್ನೇ ಸ್ವೀಕರಿಸಿ. ನ್ಯಾಯಾಲಯವೇ ಬೇರೆ ಮಾಡಿದವರನ್ನು ನಿಮ್ಮ ಲೆಕ್ಕದಲ್ಲಿ ಮರಳಿ ಕೂಡಿಸಬೇಡಿ. ಇದಕ್ಕಾಗಿ ಹೊಸ ಫಾರಂ ಬೇಕಾದರೆ ತಿಳಿಸಿ, ಉಚಿತವಾಗಿ ಟೈಪ್ ಮಾಡಿಕೊಡುತ್ತೇನೆ. ಬಣ್ಣದಲ್ಲಿ ಮಾತ್ರ ಕೇಳಬೇಡಿ.

ಇಂತಿ,
ಆದಾಯಕ್ಕೆ ತಂದೆ, ಸಹಿಗೆ ಅಪರಿಚಿತ,
ಮರಿಲಿಂಗ
(ಈ ಕೆಳಗಿನ ಸಹಿಯನ್ನು ತಾವು ಪರಿಗಣಿಸಬೇಕಾಗಿಲ್ಲ)
ಸುರಪುರ