ಆಕಾಶವೂ ನೀನೂ ಒಂದೇ ಫೋಟೋದಲ್ಲಿ

ಪಕ್ಕದ ಖೋಲಿಯ ನನ್ನ ಗೆಳೆಯ ಹುಸೇನಿಗೆ,

ನೀನು ಮೊದಲ ಸಲ ಸಮುದ್ರ ನೋಡಿದ ಸಂಜೆ ನೆನಪಿದೆಯೇನೋ? ಬಾಗಲಕೋಟೆ ಕಡೆಯ ಒಣನೆಲದಿಂದ ಬಂದು ಬೈಕುಲ್ಲಾದ ವರ್ಕ್‌ಶಾಪಿನಲ್ಲಿ ತಗಡಿನ ಟ್ರಂಕು ಬಡಿಯುತ್ತಿದ್ದವನು ನೀನು. ಉಡುಪಿ ಕಡೆಯಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ನಾನು. ಕುರ್ಲಾದ ಚಾಳಿನಲ್ಲಿ ನಮ್ಮಿಬ್ಬರ ನಡುವೆ ಒಂದು ಹಲಗೆಯ ಗೋಡೆ, ಅದರಾಚೆಯಿಂದ ನಿನ್ನ ಕನ್ನಡ. ಒಂದು ಭಾನುವಾರ ನಿನ್ನನ್ನು ಬಾಂದ್ರಾದ ಬಂಡೆಗಳಿಗೆ ಕರೆದುಕೊಂಡು ಹೋದೆ. ನೀನು ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. "ಏ ಶೆಟ್ರ, ಇಷ್ಟ ನೀರು ಯಾರ್ ತುಂಬ್ಯಾರೋ!" ಎಂದೆ. ನಾನು ಶೆಟ್ಟಿಯಲ್ಲ ಮಾರಾಯ ಎಂದು ಎಷ್ಟು ಸಲ ಹೇಳಿದರೂ ನಿನಗೆ ನಾನು ಶೆಟ್ರೇ. ಕಡಲ ಬಾಗಿಲಲ್ಲೇ ಹುಟ್ಟಿ ಬೆಳೆದ ನಾನು ಕಡಲನ್ನು ಸರಿಯಾಗಿ ನೋಡಿದ್ದು ಅವತ್ತು, ನಿನ್ನ ಪಕ್ಕ ನಿಂತು.

ನಿನ್ನ ಹೆಂಡತಿ ಮಾಬೂಬಿಯ ಪತ್ರ ಬಂದ ದಿನ ನೀನು ಊಟ ಬಿಟ್ಟೆ. ಮದುವೆಯಾಗಿ ಎಷ್ಟೋ ಕಾಲವಾಗಿತ್ತು, ಅವಳು ಮಾತ್ರ ಮುಂಬಯಿಗೆ ಬರಲು ಒಪ್ಪುತ್ತಿರಲಿಲ್ಲ. ಊರ ಶಾಲೆಯ ಮಾಸ್ತರರ ಕೈಲಿ ಬರೆಸಿದ್ದಳು: "ಅದು ಸಮುದ್ರಕ್ಕ ಮಣ್ಣ ತುಂಬಿ ಕಟ್ಟಿದ ಊರಂತ. ಒಂದಿನ ತನ್ನ ಜಾಗಾ ತಾನು ವಾಪಸ್ ಕೇಳ್ತೈತಂತ. ನಾ ಒಲ್ಲೆ." ನಾನು ನಕ್ಕೆ, ನೀನು ನಗಲಿಲ್ಲ. ನನ್ನ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ತೋರಿಸಿ ನೀನು ಹೇಳಿದೆ, "ನಾ ಸಮುದ್ರದ ಮುಂದ ನಕ್ಕೋತ ನಿಂತಿರ್ತೀನಿ, ಒಂದ್ ಫೋಟೋ ಹೊಡಿ. ನನ್ನ ಮಾರಿನೂ ಕಾಣಬೇಕು, ಮುಗಿಲೂ ಕಾಣಬೇಕು, ನೀರೂ ಕಾಣಬೇಕು. ಅಂದ್ರ ಆಕಿ ಅಂಜಿಕಿ ಹೋಗ್ತೈತಿ." ಅಷ್ಟೇ ತಾನೆ, ಅದೇನು ಮಹಾ ಎಂದುಕೊಂಡೆ ನಾನು.

ಮೊದಲ ಫೋಟೋ ತೊಳೆದು ಬಂದಾಗ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಸೂರ್ಯ ಮುಳುಗಿದ ಮೇಲಿನ ಆಕಾಶ, ಒಂದೊಂದು ಮೋಡವೂ ಬಿಡಿಸಿ ಇಟ್ಟ ಹಾಗೆ! ಆದರೆ ಅದರ ಕೆಳಗೆ ನೀನು ಬರೀ ಮಸಿ. ಊರಿಂದ ಉತ್ತರ ಬಂತು: "ಈ ಕರೀ ಭೂತ ಯಾರು? ಸಮುದ್ರ ನಿಮ್ಮನ್ನ ಆಗಲೇ ನುಂಗಿ ಉಗುಳೇತೇನು?" ಮುಂದಿನ ಸಲ ನಿನ್ನ ಮುಖಕ್ಕೆ ಬೇಕಾದಷ್ಟು ಬೆಳಕು ಕೊಟ್ಟೆ. ಮುಖವೇನೋ ಬಂತು, ಹಲ್ಲು ಕೂಡ ಎಣಿಸಬಹುದಿತ್ತು. ಹಿಂದೆ ಮಾತ್ರ ಆಕಾಶವೂ ಇಲ್ಲ, ನೀರೂ ಇಲ್ಲ. "ಸುಣ್ಣಾ ಬಳದ ಗ್ವಾಡಿ ಮುಂದ ನಿಂತು ಸುಳ್ಳ ಹೇಳಬ್ಯಾಡ್ರಿ" ಎಂದು ಬರೆಸಿದಳು. ಅತ್ತ ದರಿ, ಇತ್ತ ಪುಲಿ. ಬೆಳಕು ಕಡಿಮೆ ಮಾಡಿದರೆ ನೀನಿಲ್ಲ, ಹೆಚ್ಚಿಸಿದರೆ ಆಕಾಶವಿಲ್ಲ. ನನಗಂತೂ ಮಂಡೆ ಬಿಸಿಯಾಗಿಹೋಯಿತು.

ಆ ಮಳೆಗಾಲ ಮುಗಿದ ಮೇಲಿನ ಸಂಜೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಫೋರ್ಟಿನ ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ ಸಿಕ್ಕಿದ ಹಳೆಯ ಮ್ಯಾಗಜೀನಿನಲ್ಲಿ ಒಂದು ಉಪಾಯ ಓದಿದ್ದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಲೆನ್ಸನ್ನು ಕೆಲವು ಸೆಕೆಂಡು ತೆರೆದಿಡಬೇಕು. ಅಷ್ಟು ಹೊತ್ತೂ ಒಂದು ಕಪ್ಪು ರಟ್ಟನ್ನು ಲೆನ್ಸಿನ ಮುಂದೆ ಅಡ್ಡ ಹಿಡಿದು ಆಕಾಶದ ಭಾಗವನ್ನು ಮುಚ್ಚಿರಬೇಕು, ಗೆರೆ ಬೀಳದ ಹಾಗೆ ಮೆಲ್ಲಗೆ ಅಲುಗಿಸುತ್ತ. ನೆಲ ನೀರುಗಳಿಗೆ ಬೆಳಕು ಸಾಕಾದ ಮೇಲೆ ರಟ್ಟು ಸರಿಸಿ ಆಕಾಶಕ್ಕೆ ಒಂದೇ ಒಂದು ಗಳಿಗೆ. ಆದರೆ ನಿನ್ನ ತಲೆ ಆಕಾಶದ ಗೆರೆ ದಾಟಿದರೆ ಅದೂ ರಟ್ಟಿನ ಮರೆಗೆ ಹೋಗುತ್ತದಲ್ಲ! ಅದಕ್ಕೆ ನಾನು ಮೇಲಿನ ಬಂಡೆ ಹತ್ತಿ, ನಿನ್ನನ್ನು ನೀರಿನ ಅಂಚಿಗೆ ಇಳಿಸಿದೆ. "ತಲೆ ಆಕಾಶಕ್ಕೆ ತಾಗಬಾರದು ಮಾರಾಯಾ, ಇನ್ನೂ ಕೆಳಗಿಳಿ!" ಎಂದು ಕಿರುಚಿದೆ. "ನನ್ನ ತಲಿ ಯಾವತ್ತ ಮುಗಿಲಿಗೆ ಹತ್ತೇತೋ ಶೆಟ್ರ!" ಎಂದು ನೀನು ನಕ್ಕೆ, ಆ ನಗು ಮುಖದ ಮೇಲಿದ್ದಂತೆಯೇ ಅಲುಗದೆ ನಿಂತೆ. ತೆರೆ ಬಂದು ಮೊಣಕಾಲಿಗೆ ಅಪ್ಪಳಿಸಿತು. ನೀನು ಕದಲಲಿಲ್ಲ. ಯಾರಿಗಾಗಿ ಹಾಗೆ ನಿಂತಿದ್ದೆ ಎಂದು ನನಗೆ ಗೊತ್ತಿತ್ತು, ರಟ್ಟು ಅಲುಗಿಸುತ್ತ ಸೆಕೆಂಡು ಎಣಿಸಿದೆ.

ಕುರ್ಲಾ ಸ್ಟುಡಿಯೋದವರ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ನಾವಿಬ್ಬರೂ ಬಗ್ಗಿ ನಿಂತಿದ್ದೆವು. ಬಿಳಿ ಕಾಗದದ ಮೇಲೆ ಮೊದಲು ನಿನ್ನ ಕೂದಲು ಮೂಡಿತು, ಆಮೇಲೆ ಬಂಡೆ, ಆಮೇಲೆ ನಿನ್ನ ನಗು. ಕೊನೆಗೆ, ಎಲ್ಲಿಂದಲೋ ನಡೆದು ಬಂದ ಹಾಗೆ, ಮೋಡಗಳು ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ನಿಂತವು. ಅಬ್ಬಾ, ನನ್ನ ಮೈ ಜುಮ್ಮೆಂದಿತು! ಲೆನ್ಸು ಅಷ್ಟು ಹೊತ್ತು ತೆರೆದಿದ್ದರಿಂದ ತೆರೆಗಳೆಲ್ಲ ಒಂದರಲ್ಲೊಂದು ಬೆರೆತು ನೀರು ಹಾಲಿನಂತಾಗಿತ್ತು. "ಯಾ ಅಲ್ಲಾ" ಎಂದೆ ನೀನು, ಪಿಸುಮಾತಿನಲ್ಲಿ. "ಇಷ್ಟ ದೊಡ್ಡದರ ಮುಂದ ನಾ ನಿಂತಿದ್ನೇನೋ?" ಮಾರನೆಯ ದಿನವೇ ನೀನು ಅದನ್ನು ಊರಿಗೆ ಪೋಸ್ಟ್ ಮಾಡಿದೆ.

ಆಸ್ಪತ್ರೆಯ ಆ ಮಂಚದ ನೆನಪು ಯಾಕಾದರೂ ಬರುತ್ತದೋ. ಕಾಮಾಲೆ ನಿನ್ನನ್ನು ಅಷ್ಟು ಬೇಗ ತಿಂದುಹಾಕುತ್ತದೆಂದು ಯಾರಿಗೆ ಗೊತ್ತಿತ್ತು? ಹೋದಾಗಲೆಲ್ಲ ಅದೇ ಪ್ರಶ್ನೆ: "ಪತ್ರ ಬಂತೇನು?" ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. "ಇದೂ ಆಕಿಗಿ ಸೇರಲಿಲ್ಲೇನು..." ಎಂದು ಗೋಡೆಗೆ ಮುಖ ಮಾಡಿದೆಯಲ್ಲ, ಹುಸೇನಿ. ಒಂದು ಸುಳ್ಳಾದರೂ ಹೇಳೋಣವೆಂದರೆ ನೀನು ಪತ್ರ ತೋರಿಸು ಅನ್ನುತ್ತಿದ್ದೆ. ಕಡೆಗೆ ನೀನು ಹೋದ ಸುದ್ದಿ ತಿಳಿಸಲು ನಾನೇ ನಿನ್ನೂರಿಗೆ ತಾರು ಕೊಡಬೇಕಾಯಿತು.

ನಿನ್ನ ನಲವತ್ತನೆಯ ದಿನದ ಕಾರ್ಯವನ್ನೂ ತನ್ನ ಇದ್ದತ್ತಿನ ದಿನಗಳನ್ನೂ ಮುಗಿಸಿಕೊಂಡು ಮಾಬೂಬಿ ತನ್ನ ಅಣ್ಣನ ಜೊತೆ ಬಂದಳು, ನಿನ್ನ ಸಾಮಾನು ಒಯ್ಯಲು. ಖೋಲಿಯಲ್ಲಿ ಕೂರಲೇ ಇಲ್ಲ. "ಅವರು ನಿಂತಿದ್ದ ಜಾಗಾ ತೋರಸ್ರಿ ಅಣ್ಣಾರ" ಎಂದಳು. ಕರೆದುಕೊಂಡು ಹೋದೆ. ಮೊದಲ ತೆರೆ ಬಡಿದಾಗ ಬೆಚ್ಚಿ ಅಣ್ಣನ ತೋಳು ಹಿಡಿದಳು. "ಫೋಟೋದಾಗ ಹಾಲಿನಂಗಿತ್ತಲ್ರಿ! ಸಪ್ಪಳಾನ ಇರಲಿಲ್ಲ!" ಲೆನ್ಸು, ಸೆಕೆಂಡು ಎಂದು ನಾನು ಏನೇನೋ ತೊದಲಿದೆ. ಅವಳಿಗೆ ಕೇಳಿಸುತ್ತಿರಲಿಲ್ಲ. ತೋಳು ಬಿಟ್ಟು ಮುಂದೆ ಹೋದಳು, ಪಾದ ನೆನೆಯುವವರೆಗೆ. ಎಷ್ಟು ಹೊತ್ತು ನಿಂತಳೋ! ಸೆರಗು ಹಾರುತ್ತಿತ್ತು, ಬಾಯಿ ಅರ್ಧ ತೆರೆದಿತ್ತು, ಥೇಟ್ ನಿನ್ನ ಹಾಗೆಯೇ. ಆಮೇಲೆ ಅಳುತ್ತ ನಗುತ್ತ ಹೇಳಿದಳು, "ಇಷ್ಟ ದೊಡ್ಡ ಸಮುದ್ರ ನಮ್ಮ ಒಂದ್ ಖೋಲಿ ಯಾಕ ವಾಪಸ್ ಕೇಳ್ತೈತ್ರಿ ಅಣ್ಣಾರ?"

ಮತ್ತೆ ಯಾಕಮ್ಮ ಉತ್ತರ ಬರೆಸಲಿಲ್ಲ ಎಂದು ತಡೆಯಲಾರದೆ ಕೇಳಿಬಿಟ್ಟೆ. ಅವಳು ನೀರಿನ ಕಡೆಗೇ ನೋಡುತ್ತ ಹೇಳಿದ್ದನ್ನು ನಿನಗೆ ಮುಟ್ಟಿಸಬೇಕೆಂದೇ ಇಷ್ಟೆಲ್ಲ ಬರೆದೆ. ಫೋಟೋ ಕೈಗೆ ಬಂದ ದಿನವೇ ಅವಳು ಗಂಟು ಕಟ್ಟಿದ್ದಳು. ಬರ್ತೀನಿ ಅಂತ ಗಂಡನಿಗೆ ಬರೆಯುವುದನ್ನು ಮಾಸ್ತರರನ್ನು ಬಿಟ್ಟು ಬೇರೆಯವರ ಕೈಲಿ ಬರೆಸಲು ನಾಚಿಕೆಯಾಯಿತಂತೆ. ಅವಳು ಹೂಂ ಅಂದಿದ್ದಳು ಕಣೋ ಹುಸೇನಿ. ಮಾಸ್ತರರು ದೀಪಾವಳಿ ರಜೆಗೆ ತಮ್ಮ ಊರಿಗೆ ಹೋಗಿದ್ದರು, ಅಷ್ಟೇ.