ಪಟ್ಟಿ ಬಿಚ್ಚಿಸಿ ಅಳೆದ ಉಸಿರು

ಮಾನ್ಯ ಕ್ರೀಡಾ ವೈದ್ಯಾಧಿಕಾರಿಗಳೇ,

ಕಳೆದ ಸೆಪ್ಟೆಂಬರಿನಲ್ಲಿ ನೀವು ನನ್ನ ತಮ್ಮ ಸೆವೆರಿನ್‌ನ ಉಸಿರು ಅಳೆದು, ಗಾಲಿಕುರ್ಚಿ ರಗ್ಬಿ ಆಡಲು ಅವನು ಅನರ್ಹನೆಂದು ಮೊಹರು ಒತ್ತಿದಿರಿ. ಆ ಮೊಹರು ತಪ್ಪು. ಎವ್ಕ್ ಊರಿನವರೆಲ್ಲ ಓದಲಿ ಎಂದೇ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೆವೆರಿನ್ ಸರೋವರಕ್ಕೆ ತಲೆಕೆಳಗಾಗಿ ಜಿಗಿದ. ನೀರು ಸೊಂಟದಷ್ಟೂ ಇರಲಿಲ್ಲ. ಕತ್ತು ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಕಾಲು ಹೋದದ್ದು ಎಲ್ಲರಿಗೂ ಕಂಡಿತು. ಹೊಟ್ಟೆ, ಪಕ್ಕೆಗಳ ಸ್ನಾಯುಗಳೂ ಹೋದದ್ದು ಯಾರಿಗೂ ಕಾಣಲಿಲ್ಲ. ಎದೆ ಹೊಟ್ಟೆಗಳ ನಡುವಿನ ವಪೆಯೊಂದೇ ಅವನ ಉಸಿರು ನಡೆಸಬೇಕು. ಅದಕ್ಕೇ ಆಡುವಾಗ ಅವನು ಹೊಟ್ಟೆಗೆ ಅಗಲವಾದ ಬಟ್ಟೆಯ ಪಟ್ಟಿ ಬಿಗಿಯುತ್ತಾನೆ. ಜೋತುಬಿದ್ದ ಹೊಟ್ಟೆಗೆ ಆಸರೆ ಸಿಕ್ಕರೆ ಉಸಿರು ಆಳಕ್ಕೆ ಇಳಿಯುತ್ತದೆ. ಆ ಪಟ್ಟಿ ಹೊಲಿದವಳು ನಾನು. ನೀವು ಮೊದಲು ಬಿಚ್ಚಿಸಿದ್ದೇ ಅದನ್ನು.

"ಪಟ್ಟಿ ಗಿಟ್ಟಿ ಎಲ್ಲ ತೆಗಿಯಪ್ಪ. ಪರೀಕ್ಷೆ ಎಲ್ಲರಿಗೂ ಒಂದೇ," ಎಂದಿರಿ. ಅವನು ಕೊಳವೆಗೆ ಊದಿದ.

"ಆರೋಗ್ಯವಂತ ಗಂಡಸಿನ ಅರ್ಧದಷ್ಟೂ ಇಲ್ವಲ್ಲ. ಇದ್ರಲ್ಲಿ ಏನಂತ ಆಡ್ತೀಯ?"

"ಇದ್ರಲ್ಲೇ ಆರು ವರ್ಷ ಆಡಿದೀನಿ ಡಾಕ್ಟ್ರೇ. ಪೂರ್ತಿ ಇದ್ದಿದ್ರೆ ವಾರ್ಸಾ ತಂಡದವ್ರು ಹೆದ್ರಿ ಆಡೋಕೇ ಬರ್ತಿರ್ಲಿಲ್ಲ."

ನರ್ಸಮ್ಮ ನಕ್ಕರು. ನೀವು ನಗಲಿಲ್ಲ. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಮನೇಲಿ ಆರಾಮಾಗಿರು."

ಕನ್ನಡಕ ಕಸಿದುಕೊಂಡು, ಅಕ್ಷರ ಕಾಣದವನಿಗೆ ಪುಸ್ತಕವೇಕೆ ಎಂದು ಕೇಳುವ ಮೇಷ್ಟರನ್ನು ಏನೆಂದು ಕರೆಯೋಣ? ಇರಲಿ, ನಿಮ್ಮ ಮಾತಿನಂತೆ ಅವನು ಆರಾಮವಾಗಿಯೇ ಇದ್ದ. ಮೊಹರು ಬಿದ್ದವನನ್ನು ತಂಡದವರು ಅಭ್ಯಾಸಕ್ಕೂ ಸೇರಿಸುವಂತಿರಲಿಲ್ಲ. ಅಕ್ಟೋಬರಿನಲ್ಲಿ ಚಕ್ರ ತಳ್ಳುವ ತೋಳು ಸೊರಗಿತು. ಡಿಸೆಂಬರಿನಲ್ಲಿ ಒಂದು ಮಾತು ಮುಗಿಸಲು ಎರಡು ಸಲ ನಿಲ್ಲುತ್ತಿದ್ದ. ಜನವರಿಯಲ್ಲಿ ಕಫ ಕಟ್ಟಿತು. ಕೆಮ್ಮಲು ಹೊಟ್ಟೆಯ ಬಲ ಬೇಕಲ್ಲ? ಅಭ್ಯಾಸದ ದಿನಗಳಲ್ಲಿ ತರಬೇತುದಾರ ಪಕ್ಕೆಯ ಕೆಳಗೆ ಅಂಗೈಯೊತ್ತಿ, "ಹೂಂ, ಕೆಮ್ಮೋ! ಗೋಡೆ ಬೀಳ್ಬೇಕು!" ಎಂದು ಒಬ್ಬೊಬ್ಬರನ್ನೇ ಕೆಮ್ಮಿಸುತ್ತಿದ್ದ, ತಂಡವೆಲ್ಲ ನಗುತ್ತಿತ್ತು. ಮನೆಯಲ್ಲಿ ನಾನೊಬ್ಬಳೇ ಒತ್ತಿದೆ. ಸಾಲಲಿಲ್ಲ. ನ್ಯುಮೋನಿಯಾ ಎಂದು ಮೂರು ವಾರ ಆಸ್ಪತ್ರೆಯಲ್ಲಿದ್ದು, ಮೊನ್ನೆ ಮನೆಗೆ ಬಂದ.

ಬಂದಾಗ ನಿಮ್ಮ ಕಾಗದ ಕಾದಿತ್ತು: ಮಾರ್ಚ್‌ನಲ್ಲಿ ಮರುಪರೀಕ್ಷೆ.

"ಅಕ್ಕಾ, ಈ ಸಲ ಡಾಕ್ಟ್ರು ಹೇಳೋದೇ ನಿಜ ಆಗತ್ತೆ ಬಿಡು," ಎಂದ. ತಮಾಷೆಗೆ ಹೇಳಲಿಲ್ಲ.

ಉಸಿರಿಲ್ಲವೆಂದು ಆಟ ನಿಲ್ಲಿಸುವುದು, ಆಟ ನಿಂತದ್ದರಿಂದ ಕುಗ್ಗಿದ ಉಸಿರನ್ನೇ ಸಾಕ್ಷಿಯೆಂದು ಬರೆದುಕೊಳ್ಳುವುದು, ಇದು ಯಾವ ಸೀಮೆಯ ವೈದ್ಯಕೀಯ, ಸ್ವಾಮಿ?

ಮರುಪರೀಕ್ಷೆ ಮುಂದೂಡಿ. ಮೊದಲು ಅವನನ್ನು ಮೂರು ತಿಂಗಳು ತಂಡದ ಜೊತೆ ಅಭ್ಯಾಸಕ್ಕೆ ಬಿಡಿ. ಆಮೇಲೆ ಪಟ್ಟಿ ಬಿಗಿದು, ಚಕ್ರ ತಳ್ಳಿಸಿ, ಅವನಂತೆಯೇ ಕತ್ತು ಮುರಿದ ಆಟಗಾರರಿಗೆ ಹೋಲಿಸಿ ಅಳೆಯಿರಿ. ಆಗಲೂ ಆಗದೆಂದರೆ ತಲೆಬಾಗುತ್ತೇವೆ. ಇಲ್ಲವಾದರೆ ಮಾರ್ಚ್‌ನಲ್ಲಿ ಅವನು ಊದುತ್ತಾನೆ, ನೀವು ಗೆಲ್ಲುತ್ತೀರಿ. ಮುಂದಿನ ಚಳಿಗಾಲಕ್ಕೆ ಅಳೆಯಲು ಏನೂ ಉಳಿದಿರದು.

ಇಂತಿ,
ನಿಮ್ಮ ಉತ್ತರಕ್ಕೆ ಕಾಯಲು ತಮ್ಮನಿಗಿಂತ ಹೆಚ್ಚು ಕಾಲವಿರುವ ಅಕ್ಕ,
ಲುತ್ಸಿನಾ